ಜೋಸೆಫ್ ಆಸ್ಪ್‌ಡಿನ್: ಲೀಡ್ಸ್ ನಗರದ ಗಾರೆ ಕೆಲಸಗಾರ

ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿನ ಲೀಡ್ಸ್ ಉಣ್ಣೆ ಗಿರಣಿಗಳಿಂದ ಬೆಳೆಯುತ್ತಿದ್ದ ಊರು. ಗಿರಣಿಗೂ ಗೋದಾಮಿಗೂ ಕಾರ್ಮಿಕರ ಸಾಲುಮನೆಗಳಿಗೂ ಇಟ್ಟಿಗೆ ಕಟ್ಟುವವರು ಬೇಕಿತ್ತು. 1778ರಲ್ಲಿ ಇಲ್ಲಿನ ಹನ್ಸ್‌ಲೆಟ್‌ನಲ್ಲಿ ಹುಟ್ಟಿದ ಜೋಸೆಫ್ ಆಸ್ಪ್‌ಡಿನ್ ತಂದೆಯ ಈ ಕಸುಬನ್ನೇ ಹಿಡಿದ.

ಆಗಿನ ಸುಣ್ಣದ ಗಾರೆ ಬಿಗಿಯಲು ಬಹಳ ಕಾಲ ಬೇಕು. ತೇವವಿದ್ದಲ್ಲಿ ಅದನ್ನು ನಂಬುವಂತಿರಲಿಲ್ಲ. ಆಸ್ಪ್‌ಡಿನ್ ಸುಣ್ಣಕಲ್ಲನ್ನು ಸುಟ್ಟು, ನೀರು ಹಾಕಿ ಅರಳಿಸಿ, ಜೇಡಿಮಣ್ಣಿನೊಂದಿಗೆ ಕಲಸಿ ಒಣಗಿಸಿದ. ಅದನ್ನು ಗೂಡಿನಲ್ಲಿ ಮತ್ತೆ ಸುಟ್ಟು ನುಣ್ಣಗೆ ಪುಡಿ ಮಾಡಿದ. ನೀರು ಬೆರೆತ ಪುಡಿ ಕಲ್ಲಿನಂತೆ ಗಟ್ಟಿಯಾಯಿತು. ಸುಣ್ಣಕಲ್ಲು ಸುಲಭವಾಗಿ ಸಿಗದೆ ರಸ್ತೆಗೆ ಹಾಸಿದ್ದ ಕಲ್ಲುಗಳನ್ನೇ ಕಿತ್ತೊಯ್ದು ಎರಡು ಬಾರಿ ಮೊಕದ್ದಮೆ ಎದುರಿಸಿದ. ಪ್ರಯೋಗಾಲಯವಿಲ್ಲದ, ಕೈಕೆಲಸವನ್ನೇ ನಂಬಿದ್ದ ಮನುಷ್ಯನ ಈ ಹಟ ದೊಡ್ಡದು.

1824ರ ಅಕ್ಟೋಬರ್ 21ರಂದು ಆತನಿಗೆ ಪೇಟೆಂಟ್ ಸಿಕ್ಕಿತು. ಕಟ್ಟಡಗಳಿಗೆ ಹೆಸರಾಗಿದ್ದ ಪೋರ್ಟ್‌ಲ್ಯಾಂಡ್ ಕಲ್ಲಿಗೆ ಹೋಲಿಸಿ ತನ್ನ ಪುಡಿಯನ್ನು ಪೋರ್ಟ್‌ಲ್ಯಾಂಡ್ ಸಿಮೆಂಟ್ ಎಂದು ಕರೆದ. ಮರುವರ್ಷ ಪಾಲುದಾರನೊಬ್ಬನ ಜೊತೆ ಹತ್ತಿರದ ವೇಕ್‌ಫೀಲ್ಡ್‌ನಲ್ಲಿ ಕಾರ್ಖಾನೆ ತೆರೆದ. 1838ರಲ್ಲಿ ಆ ಜಾಗ ರೈಲು ಮಾರ್ಗದ ಪಾಲಾದಾಗ ಬೇರೆಡೆ ಮತ್ತೆ ಕಟ್ಟಿದ.

ಇಂದು ನಾವು ಬಳಸುವ ಸಿಮೆಂಟ್ ಆತನ ಪುಡಿಗಿಂತ ಬಲವಾದದ್ದು. ಹೆಚ್ಚು ಶಾಖದಲ್ಲಿ ಅರೆಗರಗಿ ಗಟ್ಟಿಯಾದ ಉಂಡೆಗಳನ್ನು ಅರೆಯುವ ವಿಧಾನ 1840ರ ದಶಕದ್ದು. ಅದರಲ್ಲಿ ಮಗ ವಿಲಿಯಂನ ಪಾತ್ರ ಹಿರಿದು. ಶ್ರೇಯಸ್ಸು ತಂದೆ ಮಗ ಇಬ್ಬರಿಗೂ ಸಲ್ಲಬೇಕು.

ಜೋಸೆಫ್ 1855ರ ಮಾರ್ಚ್ 20ರಂದು ವೇಕ್‌ಫೀಲ್ಡ್‌ನಲ್ಲಿ ತೀರಿಕೊಂಡ.