ಬಳ್ಳಾರಿ ಸೀಮೆಯ ಹಗೇವು ಮತ್ತು ಧಾತು–ಈಶ್ವರ ಸಂವತ್ಸರಗಳ ಕ್ಷಾಮ

ಬಳ್ಳಾರಿ ಸೀಮೆಯು ಬರಕ್ಕೆ ಹೆಸರಾದ ನಾಡು. ಇಲ್ಲಿ ವರ್ಷಕ್ಕೆ ಸುಮಾರು 20 ಅಂಗುಲ ಮಳೆ ಬೀಳುವುದು. ಅದೂ ಕಾಲಕ್ಕೆ ಸರಿಯಾಗಿ ಬೀಳುವುದೆಂಬ ಭರವಸೆಯಿಲ್ಲ. ಆದುದರಿಂದ ಈ ಸೀಮೆಯ ಒಕ್ಕಲು ಮನೆತನಗಳು ಕೇಡುಗಾಲವನ್ನು ನೆನೆದೇ ಮನೆಯನ್ನು ಕಟ್ಟುತ್ತಿದ್ದವು. ಅದನ್ನು ನೆನೆದೇ ಹೊಲವನ್ನು ಬಿತ್ತುತ್ತಿದ್ದವು. ಈ ಮುಂದಾಲೋಚನೆಯ ಮುಖ್ಯ ಸಾಧನವು ಹಗೇವು, ಅಂದರೆ ನೆಲದೊಳಗಿನ ಧಾನ್ಯದ ಗುಳಿ. ಹೀಗಿದ್ದೂ 1876–78ರ ಮಹಾಕ್ಷಾಮದಲ್ಲಿ ಈ ಸೀಮೆಯು ತತ್ತರಿಸಿಹೋಯಿತು. 1871ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿ ನೋಡಿದರೆ, ಆ ಹತ್ತು ವರ್ಷಗಳಲ್ಲಿ ಜಿಲ್ಲೆಯ ಜನಸಂಖ್ಯೆಯು ಐದರಲ್ಲೊಂದು ಪಾಲಿನಷ್ಟು ಕುಗ್ಗಿದುದು ಕಂಡುಬರುತ್ತದೆ. ಮನೆಮನೆಯ ಕಾಪಾಗಿದ್ದ ಹಗೇವು ಆಗ ಏಕೆ ಸಾಲದೆ ಹೋಯಿತು? ಈ ಪ್ರಶ್ನೆಯನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

1. ಹಗೇವಿನ ಸ್ವರೂಪ

ಹಗೇವು ಎಂಬ ಮಾತು ಕನ್ನಡ ನಾಡಿನ ಬಯಲುಸೀಮೆಗೆಲ್ಲ ಪರಿಚಿತವಾದುದು. ಬಳ್ಳಾರಿಯ ಪೂರ್ವಭಾಗದಲ್ಲಿ ಕನ್ನಡ ತೆಲುಗುಗಳೆರಡೂ ಬೆರೆತು ನಡೆಯುವುದರಿಂದ, ಅದೇ ಗುಳಿಗೆ ತೆಲುಗಿನ ಪಾತರವೆಂಬ ಹೆಸರೂ ಅಲ್ಲಿ ಕೇಳಿಬರುವುದು. ಹೆಸರು ಎರಡಾದರೂ ವಸ್ತು ಒಂದೇ.

ಹಗೇವಿಗೆ ನೆಲವನ್ನು ಆರಿಸುವುದೇ ಮೊದಲ ಕೆಲಸ. ಎರೆಯ ಭೂಮಿಯು ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವುದರಿಂದ ಅದು ಇದಕ್ಕೆ ಒದಗದು. ಊರಿನ ಎತ್ತರದ ಭಾಗದಲ್ಲಿ, ನೀರು ನಿಲ್ಲದ ಗಟ್ಟಿ ಗರಸಿನ ನೆಲ ಬೇಕು. ಮನೆಯ ಅಂಗಳದಲ್ಲಿಯೋ ಮುಂದಣ ಬೀದಿಯಲ್ಲಿಯೋ ಅಂತಹ ಜಾಗವನ್ನು ನೋಡಿ ಗುಳಿಯನ್ನು ತೋಡುತ್ತಿದ್ದರು. ಬಾಯಿ ಒಬ್ಬ ಆಳು ಇಳಿಯುವಷ್ಟು ಕಿರಿದು. ಒಳಗೆ ಕೊಡದ ಹೊಟ್ಟೆಯಂತೆ ಅಗಲ. ತಳಕ್ಕೂ ಸುತ್ತಲೂ ಒಣಗಿದ ಹುಲ್ಲನ್ನೋ ಜೋಳದ ದಂಟನ್ನೋ ಒತ್ತಾಗಿ ಹಾಸಿ, ಚೆನ್ನಾಗಿ ಒಣಗಿಸಿದ ಜೋಳವನ್ನು ತುಂಬಿ, ಮೇಲೆ ಮತ್ತೆ ಹುಲ್ಲು ಹರಡಿ, ಕಲ್ಲಿನ ಚಪ್ಪಡಿಯನ್ನು ಮುಚ್ಚಿ ಮಣ್ಣನ್ನು ಮೆತ್ತುತ್ತಿದ್ದರು. ಹೀಗೆ ಮುಚ್ಚಿದ ಹಗೇವಿನ ಮೇಲೆ ಬಂಡಿ ಹರಿದರೂ ಕೆಳಗೆ ಧಾನ್ಯವಿರುವುದು ಹೊರಗಿನವನಿಗೆ ತಿಳಿಯದು. ಹದಿನೆಂಟನೆಯ ಶತಮಾನದಲ್ಲಿ ಹೈದರಲಿ, ನಿಜಾಮ, ಮರಾಠರ ದಂಡುಗಳು ಮೇಲಿಂದ ಮೇಲೆ ತುಳಿದ ಈ ನಾಡಿನಲ್ಲಿ ಇಂತಹ ಗುಟ್ಟಿಗೂ ಬೆಲೆಯಿತ್ತು.

ಗುಳಿಯೊಳಗಿನ ಧಾನ್ಯವು ಕೆಡದೆ ಉಳಿಯುವುದಕ್ಕೆ ಕಾರಣವನ್ನು ಈಗಿನ ವಿಜ್ಞಾನವು ಚೆನ್ನಾಗಿ ವಿವರಿಸುತ್ತದೆ. ಕಾಳು ಜೀವವುಳ್ಳದ್ದು, ಅದೂ ಅದರಲ್ಲಿರುವ ಹುಳುಗಳೂ ಉಸಿರಾಡುತ್ತ ಆಮ್ಲಜನಕವನ್ನು ಮುಗಿಸಿ ಇಂಗಾಲಾಮ್ಲ ವಾಯುವನ್ನು ಬಿಡುತ್ತವೆ. ಗಾಳಿ ಸುಳಿಯದ ಗುಳಿಯಲ್ಲಿ ಆ ವಾಯುವೇ ತುಂಬಿಕೊಂಡು ಹುಳುಗಳು ಸಾಯುವುವು. ಇದೇ ಗುಣವು ಮನುಷ್ಯನಿಗೆ ಅಪಾಯವೂ ಹೌದು. ಬಾಯಿ ತೆರೆದೊಡನೆ ಒಳಗಿಳಿದವನು ಉಸಿರುಕಟ್ಟಿ ಸಾಯುವ ಸಂಭವವುಂಟು. ಆದುದರಿಂದ ಚಪ್ಪಡಿಯನ್ನು ತೆಗೆದು ಬಹಳ ಹೊತ್ತು ಗಾಳಿಯಾಡಲು ಬಿಟ್ಟು, ಉರಿಯುವ ದೀಪವನ್ನು ಇಳಿಬಿಟ್ಟು ಅದು ನಂದದಿದ್ದರೆ ಮಾತ್ರ ಆಳನ್ನು ಇಳಿಸುವುದು ತಿಳಿದವರ ಕ್ರಮ.

ಹಗೇವಿನ ಜೋಳಕ್ಕೆ ಬಣ್ಣ ಮಾಸಿ ಒಂದು ಬಗೆಯ ವಾಸನೆ ಹತ್ತುವುದು. ಊಟಕ್ಕೆ ಬಂದರೂ ಬಹುಕಾಲ ಇದ್ದ ಕಾಳು ಮೊಳೆಯದು. ಆದಕಾರಣ ಬಿತ್ತನೆಯ ಬೀಜವನ್ನು ಅದರಲ್ಲಿಡದೆ, ಬೂದಿಯನ್ನೋ ಬೇವಿನ ಸೊಪ್ಪನ್ನೋ ಬೆರೆಸಿ ಗಡಿಗೆ ಗುಡಾಣಗಳಲ್ಲಿ ಬೇರೆಯಾಗಿ ಕಾಯ್ದಿಡುತ್ತಿದ್ದರು. ದಿನಬಳಕೆಯ ಕಾಳು ಕಣಜದಲ್ಲಿ, ಬೀಜ ಗಡಿಗೆಯಲ್ಲಿ, ಬರದ ಕಾಳು ಹಗೇವಿನಲ್ಲಿ: ಹೀಗೆ ಮೂರು ಬಗೆಯ ಶೇಖರಣೆ. ಹಿತ್ತಿಲಲ್ಲಿ ದನಗಳಿಗೆ ಸೊಪ್ಪೆಯ ಬಣವೆ, ಒಲೆಗೆ ಕುಳ್ಳಿನ ರಾಶಿ. ಹೊಲದಲ್ಲಿ ಜೋಳ ನವಣೆಗಳ ನಡುವೆ ತೊಗರಿ, ಹುರುಳಿ, ದೀಪದ ಎಣ್ಣೆಗೆ ಔಡಲ. ಒಂದು ಪೈರು ಹೋದರೆ ಇನ್ನೊಂದಾದರೂ ಕೈಗೆ ಬರಲೆಂಬುದೇ ಈ ಬೇಸಾಯದ ತಿರುಳು.

2. ಮೂರು ಊರುಗಳು

ಒಂದೇ ಸೀಮೆಯೊಳಗಿದ್ದರೂ ಬಳ್ಳಾರಿ, ಕುರುಗೋಡು, ಸಿರುಗುಪ್ಪಗಳಲ್ಲಿ ಈ ಸಿದ್ಧತೆಯ ಬಗೆ ಒಂದೇ ಆಗಿರಲು ಸಾಧ್ಯವಿರಲಿಲ್ಲ. ಬಳ್ಳಾರಿಯದು ಕೋಟೆಯ ಊರು. ಬೋಳುಬಂಡೆಯ ಗುಡ್ಡದ ಮೇಲಣ ಕೋಟೆಗೆ ಹರಿಯುವ ನೀರಿಲ್ಲ. ಬಂಡೆಯ ಬಿರುಕುಗಳಲ್ಲಿ ಮಳೆಯ ನೀರನ್ನು ತಡೆದು ನಿಲ್ಲಿಸಿದ ದೊಣೆಗಳೇ ಅದಕ್ಕೆ ಆಧಾರ. ಧಾನ್ಯಕ್ಕೆ ಹಗೇವು ಹೇಗೋ ನೀರಿಗೆ ಈ ದೊಣೆಗಳು ಹಾಗೆ. ಕುರುಗೋಡು ಹನ್ನೆರಡನೆಯ ಶತಮಾನದಲ್ಲಿ ಸಿಂದರ ರಾಜಧಾನಿಯಾಗಿದ್ದ ಪ್ರಾಚೀನ ಸ್ಥಳ. ಗುಡ್ಡಗಳ ಬುಡದ ಗಟ್ಟಿನೆಲವೂ ಅದರಾಚೆಯ ಎರೆಹೊಲಗಳೂ ಇರುವ ಇಂತಹ ಊರು ಹಗೇವಿಗೆ ಹೇಳಿಸಿದಂತಹುದು. ಸಿರುಗುಪ್ಪದ ಮಾತೇ ಬೇರೆ. ತುಂಗಭದ್ರೆಯ ಹಳೆಯ ಕಾಲುವೆಯಿಂದ ಅಲ್ಲಿ ಬತ್ತ ಬೆಳೆಯುವುದು. ಸಿರಿಯ ಕುಪ್ಪೆಯೆಂಬುದೇ ಊರಿನ ಹೆಸರಾಯಿತೆಂದು ಹೇಳುವುದುಂಟು. ಆದರೆ ತೇವದ ನೆಲದಲ್ಲಿ ಗುಳಿ ತಾಳದು. ಅಂತಹ ಕಡೆ ನೆಲದ ಮೇಲಣ ಕಣಜವೇ ಗತಿ. ನೀರಿನ ಊರಿಗೆ ನೀರಿನ ಭಯವೂ ತಪ್ಪಿದ್ದಲ್ಲ. 2009ರ ಮಹಾಪೂರವು ಸಿರುಗುಪ್ಪದ ಸೀಮೆಗೆ ಅದನ್ನು ಮತ್ತೆ ತೋರಿಸಿತು.

3. ಶಾಸ್ತ್ರದ ಮಾತು

ಗೃಹಸ್ಥನ ಇಂತಹ ಅರಿವನ್ನು ನಮ್ಮ ಪೂರ್ವಿಕರು ಶಾಸ್ತ್ರವೆಂದೇ ಎಣಿಸಿದ್ದರು. ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ವಾಸ್ತು, ನೆಲದೊಳಗಿನ ನೀರನ್ನು ಕಂಡುಹಿಡಿಯುವ ಬಗೆ, ವೃಕ್ಷಾಯುರ್ವೇದ, ಸೂಪಶಾಸ್ತ್ರ, ಮನುಷ್ಯವೈದ್ಯ, ಪಶುವೈದ್ಯ ಮುಂತಾದ ವಿಷಯಗಳು ಒಂದೆಡೆ ಸೇರಿವೆ. ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ 'ಅರ್ಥಶಾಸ್ತ್ರ'ದಲ್ಲಿ ಕೋಷ್ಠಾಗಾರಕ್ಕೆ ಒಂದು ನಿಯಮವುಂಟು. ಬಂದುದರಲ್ಲಿ ಅರ್ಧವನ್ನು ಜನಪದದ ಆಪತ್ತಿಗೆಂದು ತೆಗೆದಿರಿಸಿ ಉಳಿದರ್ಧವನ್ನು ಬಳಸಬೇಕು. ಹೊಸದು ಬಂದಂತೆ ಹಳೆಯದನ್ನು ಬದಲಿಸಬೇಕು. ಹಗೇವಿನ ಒಕ್ಕಲಿಗನು ಈ ಗ್ರಂಥವನ್ನು ಕಂಡವನಲ್ಲ. ಆದರೆ ಅವನು ನಡೆಸುತ್ತಿದ್ದುದು ಇದೇ ನಿಯಮವನ್ನು. ಒಂದು ಭೇದ ಮಾತ್ರ ಗಮನಾರ್ಹವಾದುದು. ಕೌಟಿಲ್ಯನ ಉಗ್ರಾಣವು ಜನಪದಕ್ಕೆ ಸೇರಿದುದು. ಹಗೇವು ಒಂದು ಮನೆಗೆ ಸೇರಿದುದು.

4. ಕ್ಷಾಮ

ಈ ಭೇದದ ಪರಿಣಾಮವು ಬರಗಾಲದಲ್ಲಿ ತಿಳಿಯುವುದು. 1791–92ರ ಡೋಗಿಬರ, 1832–33ರ ನಂದನ ಸಂವತ್ಸರದ ಬರ, 1854ರ ಮತ್ತು 1866ರ ಬರಗಳನ್ನು ದಾಟಿಬಂದ ಸೀಮೆಯಿದು. 1876ರಲ್ಲಿ, ಧಾತು ಸಂವತ್ಸರದಲ್ಲಿ, ಮುಂಗಾರು ಹಿಂಗಾರುಗಳೆರಡೂ ತಪ್ಪಿದುವು. ಮರುವರ್ಷ ಈಶ್ವರದ ಮುಂಗಾರೂ ಬಹುಮಟ್ಟಿಗೆ ಕೈಕೊಟ್ಟಿತು. ಧಾನ್ಯದ ಬೆಲೆ ಎರಡು ಮೂರು ಪಟ್ಟಾಯಿತು. ದಕ್ಷಿಣ ಹಿಂದೂಸ್ಥಾನದಲ್ಲೆಲ್ಲ ಸತ್ತವರು ಐವತ್ತು ಲಕ್ಷಕ್ಕೂ ಮೀರಿದರೆಂದು ಎಣಿಕೆಯಿದೆ.

ಹಗೇವಿನ ಬಲವೆಷ್ಟೆಂಬುದನ್ನು ಲೆಕ್ಕದಿಂದ ನೋಡಬಹುದು. ಐದು ಜನರ ಮನೆಗೆ, ತಲೆಗೆ ದಿನಕ್ಕೆ ಒಂದೂವರೆ ಪೌಂಡು ಜೋಳವೆಂದು ಹಿಡಿದರೆ, ವರ್ಷಕ್ಕೆ 2,700 ಪೌಂಡಿಗೂ ಮೇಲೆ, ಅಂದರೆ ಸುಮಾರು 12 ಕ್ವಿಂಟಾಲು ಬೇಕಾಗುವುದು. ನಾಲ್ಕು ಅಡಿ ಅಗಲ, ಐದು ಅಡಿ ಆಳದ ಗುಳಿಯೊಂದು ಇದಕ್ಕೆ ಸಾಕು. ತೋಡುವುದು ಸುಲಭ, ತುಂಬುವುದು ಕಷ್ಟ. ಆ ವರ್ಷದ ಊಟ, ಬೀಜ, ಆಳುಗಳ ಕೂಲಿ, ಸರಕಾರದ ಕಂದಾಯ ಇವೆಲ್ಲ ಕಳೆದು ಇಷ್ಟು ಮಿಕ್ಕರೆ ಮಾತ್ರ ಹಗೇವು ತುಂಬೀತು. ಎರಡು ವರ್ಷದ ಬರಕ್ಕೆ ಇದರ ಎರಡರಷ್ಟು ಬೇಕು. ದೊಡ್ಡ ಹಿಡುವಳಿಯ ಮನೆಗಳಿಗೆ ಇದು ಸಾಧ್ಯ. ಚಿಕ್ಕ ಒಕ್ಕಲಿಗೆ ಸಾಧ್ಯವಲ್ಲ.

ಮಿಗಿಸುವ ಶಕ್ತಿಯೂ ಹತ್ತೊಂಬತ್ತನೆಯ ಶತಮಾನದಲ್ಲಿ ಕುಗ್ಗುತ್ತ ಬಂದಿತು. 1800ರಲ್ಲಿ ದತ್ತಮಂಡಲವು ಇಂಗ್ಲಿಷರ ವಶವಾದ ಮೇಲೆ ರೈತನು ಕಂದಾಯವನ್ನು ನಗದಾಗಿ ಸಲ್ಲಿಸಬೇಕಾಯಿತು. ಅದರ ಭಾರವನ್ನು ನೂರಕ್ಕೆ 25ರಷ್ಟು ಇಳಿಸಬೇಕೆಂದು ಕಲೆಕ್ಟರನಾಗಿದ್ದ ಥಾಮಸ್ ಮನ್ರೋ 1807ರಲ್ಲಿಯೇ ಸೂಚಿಸಿದನು. ಅದು ನಡೆದುದು 1820ರಲ್ಲಿ ಅವನೇ ಮದರಾಸಿನ ಗವರ್ನರಾದ ತರುವಾಯ. 1861–65ರ ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಯ ಬೆಲೆಯೇರಿ, ಎರೆಯ ಭೂಮಿಗೆ ಹತ್ತಿಯ ಆಕರ್ಷಣೆ ಹೆಚ್ಚಿತು. 1876ರ ಹೊತ್ತಿಗೆ ಬಳ್ಳಾರಿಗೆ ರೈಲೂ ಬಂದಿತ್ತು. ಹೊರಗಿನ ಧಾನ್ಯವನ್ನು ತಂದುದು ರೈಲೇ. ಅದಿಲ್ಲದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು. ಆದರೆ ಬೆಲೆಯೇರಿದಾಗ ಕೂಡಿಟ್ಟ ಕಾಳನ್ನು ದೂರದ ಪೇಟೆಗೆ ಮಾರುವ ದಾರಿಯನ್ನೂ ಅದೇ ತೆರೆಯಿತು. ಧಾನ್ಯವನ್ನು ಕೂಡಿಡುವ ಹಳೆಯ ವಾಡಿಕೆಯು ಕ್ಷೀಣಿಸಿತೆಂಬ ಮಾತು ಮುಂದೆ 1898ರ ಕ್ಷಾಮ ಆಯೋಗದ ವಿಚಾರದಲ್ಲಿಯೂ ಬಂದಿತು.

ಎಲ್ಲಕ್ಕಿಂತ ಮುಖ್ಯವಾದ ಸಂಗತಿಯೊಂದುಂಟು. ಕ್ಷಾಮದಲ್ಲಿ ಮೊದಲು ಬಿದ್ದವರು ಹಗೇವಿಲ್ಲದವರು: ಭೂಮಿಯಿಲ್ಲದ ಕೂಲಿಗಳು, ನೇಕಾರರು, ಊರ ಕಸುಬಿನವರು. ಇವರ ಅನ್ನವು ಒಕ್ಕಲಿಗನ ಕಣದಿಂದ ಕೂಲಿಯಾಗಿಯೋ ಆಯವಾಗಿಯೋ ಬರತಕ್ಕದ್ದು. ಬಿತ್ತನೆಯಿಲ್ಲದೆ ಕೂಲಿಯಿಲ್ಲ, ಕಣವಿಲ್ಲದೆ ಆಯವಿಲ್ಲ. ಒಕ್ಕಲಿಗನು ತನ್ನ ಗುಳಿಯ ಬಾಯನ್ನು ಭದ್ರಪಡಿಸಿದಷ್ಟೂ ಇವರ ಪಾಲು ಕಿರಿದಾಯಿತು. ಅವನನ್ನು ಕ್ರೂರಿಯೆನ್ನುವಂತಿಲ್ಲ, ಮುಂದಿನ ಮಳೆ ಯಾವಾಗ ಬರುವುದೆಂಬುದು ಅವನಿಗೂ ತಿಳಿಯದು. ಇವರಿಗೆ ಉಳಿದುದು ಸರಕಾರದ ಪರಿಹಾರ ಕಾಮಗಾರಿಗಳೇ. ಅಲ್ಲಿ 1877ರಲ್ಲಿ ಸರ್ ರಿಚರ್ಡ್ ಟೆಂಪಲನು ಆಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯವನ್ನೂ ಅಲ್ಪ ನಗದನ್ನೂ ಗೊತ್ತುಮಾಡಿದನು. ದುಡಿಯುವ ದೇಹಕ್ಕೆ ಅದು ಸಾಲದೆಂದು ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷನು ವಾದಿಸಿದನು; ಕೆಲವು ತಿಂಗಳ ಮೇಲೆ ಕೂಲಿಯನ್ನು ಹೆಚ್ಚಿಸಬೇಕಾಯಿತು.

5. ಸಮಾಪ್ತಿ

1880ರ ಕ್ಷಾಮ ಆಯೋಗ, ಅದರ ಫಲವಾದ ಕ್ಷಾಮಸಂಹಿತೆಗಳು, 1945ರಲ್ಲಿ ಆರಂಭವಾಗಿ 1953ರಲ್ಲಿ ನೀರು ಹರಿಸಿದ ತುಂಗಭದ್ರಾ ಅಣೆಕಟ್ಟು, ತರುವಾಯದ ಪಡಿತರದ ಏರ್ಪಾಡು: ಇವೆಲ್ಲವೂ ಒಂದೇ ಕೊರತೆಯನ್ನು ತುಂಬಲು ಹುಟ್ಟಿದುವು. ಹಗೇವು ಒಂದು ಮನೆಯನ್ನು ಒಂದು ಕೆಟ್ಟ ವರ್ಷದಿಂದ ಪಾರುಮಾಡಬಲ್ಲದಾಗಿತ್ತು. ಊರನ್ನು ಎರಡು ವರ್ಷದ ಬರದಿಂದ ಪಾರುಮಾಡಲು ಅದಕ್ಕೆ ಶಕ್ತಿಯಿರಲಿಲ್ಲ. ಹಾಗೆಂದು ಅದನ್ನು ವ್ಯರ್ಥವೆನ್ನಲಾಗದು. ಬೀಜವನ್ನು ಬೇರೆಯಿಡುವುದು, ಹಳೆಯದನ್ನು ಉಂಡು ಹೊಸದನ್ನು ತುಂಬುವುದು, ಒಂದೇ ಪೈರನ್ನು ನಂಬದಿರುವುದು, ಈ ಮೂರು ನಿಯಮಗಳು ಇಂದಿಗೂ ಸತ್ಯವಾದುವು. ಇವುಗಳೊಡನೆ ಧಾತು–ಈಶ್ವರಗಳು ಕಲಿಸಿದ ನಾಲ್ಕನೆಯದೊಂದನ್ನು ಸೇರಿಸಬೇಕು: ನೆರೆಮನೆಯ ಒಲೆ ಆರಿದ ಊರಿನಲ್ಲಿ ತುಂಬಿದ ಹಗೇವೂ ಬಹುಕಾಲ ಕಾಪಾಡದು. ಈಗ ಹಗೇವುಗಳ ಬಳಕೆಯು ಬಹುಮಟ್ಟಿಗೆ ನಿಂತಿದೆ. ಹಳೆಯ ಊರುಗಳಲ್ಲಿ ಹಲವು ಮುಚ್ಚಿಹೋಗಿವೆ. ಉಳಿದಿರುವುವನ್ನು ಗುರುತಿಸಿ, ಅಳತೆಮಾಡಿ, ಅವುಗಳಿಗೆ ಸಂಬಂಧಪಟ್ಟ ಮಾತುಗಳನ್ನು ಹಿರಿಯರಿಂದ ಕೇಳಿ ಬರೆದಿಡುವುದು ಆ ಭಾಗದ ಅಧ್ಯಾಪಕರಿಂದಲೂ ವಿದ್ಯಾರ್ಥಿಗಳಿಂದಲೂ ಆಗಬೇಕಾದ ಕಾರ್ಯವಾಗಿದೆ.