ಹೋಗುವ ದಾರಿ ಸರ್ಕಾರದ್ದು, ಬರುವ ದಾರಿ ಬಾಣಂತಿಯದು

ರಾಜರ ಮಕ್ಕಳು ಹುಟ್ಟಿದ ದಿನ, ಗಳಿಗೆ ಎಲ್ಲವೂ ಚರಿತ್ರೆಯ ಪುಸ್ತಕದಲ್ಲಿ ಸಿಗುತ್ತವೆ. ಆಸ್ಪತ್ರೆಯಲ್ಲಿ ಹೆತ್ತ ಕೂಲಿ ಹೆಂಗಸು ಮೂರು ದಿನದ ಕೂಸನ್ನು ಎತ್ತಿಕೊಂಡು ಕೇರಿಗೆ ಹೇಗೆ ಬಂದಳು ಅನ್ನುವುದನ್ನು ಯಾರು ಬರೆದಿಟ್ಟಿದ್ದಾರೆ? ಕಾರಿದ್ದವರಿಗೆ ಇದು ಚರಿತ್ರೆ ಅನ್ನಿಸುವುದೇ ಇಲ್ಲ. ನಮಗೆ ಅನ್ನಿಸುತ್ತದೆ.

ನಮ್ಮ ಅವ್ವಂದಿರ ಕಾಲಕ್ಕೆ ಈ ಪ್ರಶ್ನೆ ಇರಲಿಲ್ಲ. ಕೂಸು ಹುಟ್ಟುತ್ತಿದ್ದುದು ಮನೆಯೊಳಗೆ. ಕತ್ತಲಲ್ಲಿ ದಾರಿ ನಡೆದು ಬರುತ್ತಿದ್ದವಳು ಸೂಲಗಿತ್ತಿ. ಪಾವಗಡದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷದ ಡಿಸೆಂಬರಿನಲ್ಲಿ ತೀರಿಕೊಂಡರು. ಎಷ್ಟೋ ಊರುಗಳಲ್ಲಿ ಸೂಲಗಿತ್ತಿ ಕೆಳಜಾತಿಯವಳೇ. ಹೊಕ್ಕಳಬಳ್ಳಿ ಕೊಯ್ಯುವಾಗ ಇಲ್ಲದ ಮೈಲಿಗೆ, ಸೂತಕ ಕಳೆದು ಮನೆ ಸಾರಿಸಿದ ಮೇಲೆ ಎಲ್ಲಿಂದ ಬರುತ್ತಿತ್ತೋ! ಹಾಗಂತ ಆ ಕಾಲವನ್ನು ಹಾಡಿ ಹೊಗಳಲು ನಾವು ಹೊರಟಿಲ್ಲ. ರಕ್ತ ಹೋಗಿ, ನಂಜಾಗಿ ಸತ್ತವರು ಕಮ್ಮಿಯೇ? ಆಸ್ಪತ್ರೆ ಬೇಕಿತ್ತು.

2005ರ ಏಪ್ರಿಲಿನಲ್ಲಿ ಜನನಿ ಸುರಕ್ಷಾ ಯೋಜನೆ ಬಂತು. ಆಸ್ಪತ್ರೆಯಲ್ಲಿ ಹೆತ್ತರೆ ದುಡ್ಡು. ಕರ್ನಾಟಕದ ಹಳ್ಳಿಯವಳಿಗೆ 700 ರೂಪಾಯಿ, ಪಟ್ಟಣದವಳಿಗೆ 600. ಅದೂ ಬಡತನದ ರೇಖೆಯ ಕೆಳಗಿನವರಿಗೆ, ಪರಿಶಿಷ್ಟರಿಗೆ, ಎರಡು ಮಕ್ಕಳವರೆಗೆ. ಮೂರನೆಯ ಕೂಸಿಗೆ ಕಡತದಲ್ಲಿ ಜಾಗವಿರಲಿಲ್ಲ. ಆ ಷರತ್ತು ಹೋದದ್ದು 2013ರಲ್ಲಿ. 2007ರಲ್ಲಿ ರಾಜ್ಯ ಸರ್ಕಾರದ ಮಡಿಲು ಕಿಟ್ ಬಂತು: ಸೊಳ್ಳೆ ಪರದೆ, ಹೊದಿಕೆ, ಕೂಸಿಗೆ ಸ್ವೆಟರು, ಟೋಪಿ. 2008ರ ನವೆಂಬರ್ 1ರಂದು 108 ಆಂಬುಲೆನ್ಸ್ ಬಂತು. ನೋವು ಕಾಣಿಸಿಕೊಂಡರೆ ಫೋನ್ ಮಾಡು, ಬಂದು ಕರೆದೊಯ್ಯುತ್ತಾರೆ.

ಸರಿ ಸ್ವಾಮಿ, ವಾಪಸು ಬರೋದು ಹೇಗೆ?

108 ಇರುವುದು ತುರ್ತಿಗೆ. ಹೆತ್ತಾದ ಮೇಲೆ ಬಾಣಂತಿ ತುರ್ತಲ್ಲ. ರಿಜಿಸ್ಟರಿನಲ್ಲಿ ಬರೆದಾಯಿತು, ಲೆಕ್ಕಕ್ಕೆ ಸೇರಿತು, ಇನ್ನು ನೀನುಂಟು ನಿನ್ನ ಕೂಸುಂಟು. ಟೋಪಿ ಕೊಟ್ಟವರು ಬಂಡಿ ಕೊಡಲಿಲ್ಲ. 700 ರೂಪಾಯಿಯಲ್ಲಿ ಆಟೊದವನಿಗೆಷ್ಟು, ಮನೆಗೆಷ್ಟು? ಕೆಂಪು ಬಸ್ಸಿನ ಹಿಂದಿನ ಸೀಟೇ ನಮ್ಮವರ ಪಲ್ಲಕ್ಕಿ. ಬಸ್ಸು ನಿಲ್ಲುವುದು ಊರ ಬಾಗಿಲಲ್ಲಿ, ಅಲ್ಲಿಂದ ಕೇರಿಗೆ ನಡಿಗೆ. ಬಾಣಂತಿಯನ್ನು ಮನೆಗೆ ಪುಕ್ಕಟೆ ಬಿಡುವುದೂ ಸರ್ಕಾರದ ಹೊಣೆ ಅಂತ ಕಾಗದದ ಮೇಲೆ ಬಂದದ್ದು 2011ರ ಜೂನ್ 1ರಂದು, ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ. ಆರು ವರ್ಷ ಬೇಕಾಯಿತು. ಆಮೇಲೆ ನಮ್ಮಲ್ಲಿ ನಗು-ಮಗು ಹೆಸರಿನ ವಾಹನಗಳು ಬಂದವು.

ಇದೇನು ಸೌಕರ್ಯದ ಮಾತಲ್ಲ. ಹಸುಗೂಸುಗಳ ಸಾವಿನಲ್ಲಿ ಮುಕ್ಕಾಲು ಪಾಲು ಮೊದಲ ವಾರದಲ್ಲೇ ಆಗುತ್ತವೆ. ಈ ಪ್ರಯಾಣ ಬೀಳುವುದು ಆ ವಾರದಲ್ಲೇ. ಕೂಸಿನ ಮೈಯಲ್ಲಿ ಕೊಬ್ಬು ಕಡಿಮೆ, ತೂಕಕ್ಕೆ ಹೋಲಿಸಿದರೆ ಚರ್ಮ ಹೆಚ್ಚು, ತಲೆ ದೊಡ್ಡದು. ಬಸ್ಸಿನ ಕಿಟಕಿ ಗಾಳಿಗೆ, ಒದ್ದೆ ಬಟ್ಟೆಗೆ ಕಾವು ಬೇಗ ಇಳಿಯುತ್ತದೆ. 36.5 ಡಿಗ್ರಿಗಿಂತ ಕೆಳಗಿಳಿದ ಕೂಸು ಸೊರಗುತ್ತದೆ, ಮೊಲೆ ಚೀಪುವುದನ್ನು ಬಿಡುತ್ತದೆ, ಹಾಲಿಲ್ಲದೆ ಇನ್ನಷ್ಟು ತಣ್ಣಗಾಗುತ್ತದೆ.

ಕಾನೂನು ಮೊದಲು ನೋಡುವುದು ಕಾರಿದ್ದವರನ್ನೇ. ಅಮೆರಿಕದ ಟೆನ್ನೆಸ್ಸೀ ರಾಜ್ಯದಲ್ಲಿ ಕಾರಿನಲ್ಲಿ ಮಕ್ಕಳಿಗೆ ಬೇರೆ ಸೀಟು ಇರಲೇಬೇಕು ಎಂಬ ಕಾನೂನು 1978ರಲ್ಲಿ ಜಾರಿಯಾಯಿತು. ನಮ್ಮಲ್ಲಿ 2022ರಲ್ಲಿ ಬೈಕಿನ ನಿಯಮ ಬಂತು: ನಾಲ್ಕು ವರ್ಷದೊಳಗಿನವರಿಗೆ ಪಟ್ಟಿ ಕಟ್ಟಬೇಕು, ವೇಗ 40 ಕಿ.ಮೀ. ಮೀರಬಾರದು, ಒಂಬತ್ತು ತಿಂಗಳು ತುಂಬಿದವರಿಗೆ ಹೆಲ್ಮೆಟ್. ಕುತ್ತಿಗೆ ನಿಲ್ಲದ ಕೂಸಿಗೆ ಯಾವ ಹೆಲ್ಮೆಟ್ಟೂ ಇಲ್ಲ. ಅದನ್ನು ಬೈಕಿನಲ್ಲಿ ತರಲೇಬೇಡಿ.

ಕಾರಿಲ್ಲದವರ ವಿದ್ಯೆ ಬಂದದ್ದು ಬೇರೆ ಕಡೆಯಿಂದ. 1978ರ ಸುಮಾರಿಗೆ ಕೊಲಂಬಿಯಾ ದೇಶದ ಬೊಗೋಟಾದಲ್ಲಿ, ಕಾವು ಕೊಡುವ ಪೆಟ್ಟಿಗೆಗಳು ಸಾಲದ ಆಸ್ಪತ್ರೆಯಲ್ಲಿ, ಡಾಕ್ಟರ್ ಎಡ್ಗರ್ ರೇ ಅವರು ತೂಕವಿಲ್ಲದ ಕೂಸುಗಳನ್ನು ತಾಯಿಯ ಬರಿ ಎದೆಗೆ ಕಟ್ಟಿಸಿದರು. ಕೂಸು ಬದುಕಿದವು. ಇವತ್ತು ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳುತ್ತದೆ.

ಹಳ್ಳಿ ಮೇಷ್ಟ್ರುಗಳು, ಹುಡುಗರು ಮನೆ ಮನೆಗೆ ಹೇಳಬೇಕಾದ್ದು ಇಷ್ಟು. ಎರಡು ದಿನ ತುಂಬುವ ಮೊದಲು ಆಸ್ಪತ್ರೆ ಬಿಡಬೇಡಿ. ಹೊರಡುವ ಮುಂಚೆ ಹಾಲು ಕುಡಿಸಿ, ಒಣಬಟ್ಟೆ ಹಾಕಿ, ತಲೆಗೆ ಟೋಪಿ. ಸೆರಗಿನೊಳಗೆ ಎದೆಗೆ ಎದೆ ತಾಗಿಸಿ ಕಟ್ಟಿಕೊಳ್ಳಿ, ಮೂಗು ಬಾಯಿ ಮುಚ್ಚದಿರಲಿ. ಆಟೊ ಆದರೆ ಹಿಂದಿನ ಸೀಟಿನ ನಡುವೆ, ಅತ್ತೆ ಒಂದು ಕಡೆ, ಅವ್ವ ಒಂದು ಕಡೆ. ದಾರಿಯಲ್ಲಿ ಅಂಗಾಲು ಮುಟ್ಟಿ ನೋಡುತ್ತಿರಿ. ತಣ್ಣಗಾಗಿ, ಹಾಲನ್ನೂ ಬಿಟ್ಟರೆ ತಿರುಗಿ ಆಸ್ಪತ್ರೆಗೆ. ಅದು ತುರ್ತು, 108ಕ್ಕೆ ಹೇಳಿ.

ದಾರಿ ಮುಗಿದ ಮೇಲೂ ಹೊಸಿಲೊಂದು ಉಳಿಯುತ್ತದೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಆಸ್ಪತ್ರೆಯಿಂದ ಬಂದ ಬಾಣಂತಿಯನ್ನು, ಕೂಸನ್ನು ಸೂತಕದ ಹೆಸರಿನಲ್ಲಿ ಹಟ್ಟಿಯ ಹೊರಗೆ ಗುಡಿಸಲಿನಲ್ಲಿ ಇಟ್ಟರು. ಮಳೆ ಹಿಡಿದಿತ್ತು. ಕೂಸು ಉಳಿಯಲಿಲ್ಲ. ಆಸ್ಪತ್ರೆಯ ವಾಹನ ಕೇಳಲು ಹೋಗುವ ಗೆಳೆಯರು ಆ ಹೊಸಿಲಿಗೂ ಹೋಗಿ ಕೂತು ಮಾತಾಡಿ ಬರಬೇಕು, ಹೆರಿಗೆಗೆ ಮುಂಚೆಯೇ.