ಮಂತ್ರಾಲಯದ ವೃಂದಾವನ: ಧರ್ಮಕಲೆಯಲ್ಲಿ ನಾದ ಮತ್ತು ಶ್ರವಣ

ದೇವಾಲಯಗಳ ಚರಿತ್ರೆಯನ್ನು ಬರೆಯುವಾಗ ನಾವು ಕಣ್ಣನ್ನೇ ನಂಬುತ್ತೇವೆ. ಕಂಬದ ಅಳತೆ, ಶಾಸನದ ಅಕ್ಷರ, ಮೂರ್ತಿಯ ಲಕ್ಷಣ, ಇಷ್ಟಕ್ಕೆ ನಮ್ಮ ಕೆಲಸ ಮುಗಿಯುತ್ತದೆ. ಶಿಲ್ಪಿಯು ನಾದವನ್ನೂ ಕೆತ್ತಲು ಹೆಣಗಿದ್ದನೆಂಬುದು ಮರೆತುಹೋಗುತ್ತದೆ. 13ನೆಯ ಶತಮಾನದ ಸೋಮನಾಥಪುರದ ವೇಣುಗೋಪಾಲನನ್ನು ನೋಡಿರಿ. ಕಲ್ಲಿನ ಕೊಳಲು ನುಡಿಯಲಾರದು. ಆದ್ದರಿಂದ ಶಿಲ್ಪಿಯು ಪಕ್ಕದಲ್ಲಿ ಗೋವುಗಳನ್ನೂ ಗೋಪಗೋಪಿಯರನ್ನೂ ನಿಲ್ಲಿಸಿದನು. ಕೇಳುವವರ ಮೈಮರೆವಿನಿಂದಲೇ ಹಾಡು ನಮಗೆ ತಿಳಿಯಬೇಕು.

ಇಟಲಿಯ ಚಿತ್ರಕಾರರಿಗೂ ಇದೇ ತೊಡಕು. ಸಿಯೆನಾದ ಸಿಮೋನೆ ಮಾರ್ತಿನಿಯು ಲಿಪ್ಪೊ ಮೆಮ್ಮಿಯೊಡನೆ 1333ರಲ್ಲಿ ಮಾಡಿದ ಚಿತ್ರದಲ್ಲಿ ದೇವದೂತನ ಬಾಯಿಂದ ಕನ್ಯೆ ಮರಿಯಳತ್ತ ಲ್ಯಾಟಿನ್ ಮಾತುಗಳು ಚಿನ್ನದ ನೆಲದ ಮೇಲೆ ಅಕ್ಷರಗಳಾಗಿಯೇ ಸಾಗುತ್ತವೆ. ಕೇಳಿದವಳು ಬೆದರಿ ಹಿಂಜರಿದಿದ್ದಾಳೆ.

ನಮ್ಮ ಆದವಾನಿ ಸೀಮೆಯಲ್ಲಿ ಇದು ಬೇರೆ ದಾರಿ ಹಿಡಿಯಿತು. ತುಂಗಭದ್ರೆಯ ದಡದ ಮಂಚಾಲೆಯು ಆದವಾನಿಯ ಸಿದ್ದಿ ಮಸೂದ್ ಖಾನನಿಂದ ಶ್ರೀ ರಾಘವೇಂದ್ರ ಸ್ವಾಮಿಗಳಿಗೆ ದತ್ತಿಯಾಗಿ ಬಂದ ಗ್ರಾಮ. 1671ರಲ್ಲಿ ಅವರು ಅಲ್ಲಿಯೇ ವೃಂದಾವನವನ್ನು ಪ್ರವೇಶಿಸಿದರು. ಪೂರ್ವಾಶ್ರಮದಲ್ಲಿ ಅವರು ವೀಣಾವಾದನ ನಿಪುಣರು. ವಂಶದ ಹಿರಿಯರೊಬ್ಬರು ಕೃಷ್ಣದೇವರಾಯನಿಗೆ ವೀಣೆ ಕಲಿಸಿದರೆಂದು ಪರಂಪರೆ ಹೇಳುತ್ತದೆ. ಅವರದೆಂದು ಹಾಡುವ ಕನ್ನಡ ಕೀರ್ತನೆಯ ಅಂಕಿತವೂ ವೇಣುಗೋಪಾಲನದೇ. ಆದರೆ ವೃಂದಾವನಕ್ಕೆ ಮುಖವಿಲ್ಲ, ಕಿವಿಯಿಲ್ಲ. ಆದರೂ ಬಂದವರೆಲ್ಲ ಅದರ ಮುಂದೆ ನಿಂತು ತಮ್ಮ ಕಷ್ಟ ಹೇಳಿಕೊಳ್ಳುತ್ತಾರೆ. ಕೇಳುವವರನ್ನು ಕೆತ್ತದೆಯೇ ಕೇಳುವಿಕೆಗೆ ನೆಲೆಯಾದ ಶಿಲೆ ಇದು.

1800ರಿಂದ 1807ರವರೆಗೆ ದತ್ತಮಂಡಲಗಳ ಪ್ರಧಾನ ಕಲೆಕ್ಟರನಾಗಿದ್ದ ಥಾಮಸ್ ಮನ್ರೋನ ಕಥೆ ಈ ಕಡೆ ಮಕ್ಕಳಿಗೂ ಗೊತ್ತು. ಇನಾಮಿನ ವಿಚಾರಣೆಗೆ ಬಂದ ಅವನು ಬೂಟು ಕಳಚಿ ಒಳಹೊಕ್ಕನಂತೆ. ವೃಂದಾವನದಿಂದ ಬಂದ ಧ್ವನಿ ಅವನೊಬ್ಬನಿಗೇ ಕೇಳಿಸಿತು, ಜೊತೆಯವರಿಗೆ ಅವನ ಮಾತಷ್ಟೇ ಕೇಳಿಸಿತೆಂದು ಪ್ರತೀತಿ. ಇದು ನಡೆಯಿತೋ ಇಲ್ಲವೋ ಎಂಬ ವಾದಕ್ಕೆ ನಾವು ಇಳಿಯುವುದಿಲ್ಲ. ಸಿಮೋನೆಯ ಅಕ್ಷರಗಳು ನೋಡಿದವರಿಗೆಲ್ಲ ಸಿಕ್ಕುತ್ತವೆ. ಮಂಚಾಲೆಯ ಮಾತು ಚಿತ್ರಕ್ಕೆ ಸಿಕ್ಕದು, ಬಾಯಿಂದ ಬಾಯಿಗೆ ಹೇಳಿದರೆ ಮಾತ್ರ ಉಳಿಯುತ್ತದೆ.

ಉಳಿಯುವ ಪ್ರಶ್ನೆ ಇಲ್ಲಿ ಸಣ್ಣದಲ್ಲ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯಿಂದ ಬೇರೆಯಾಗಿ ಆಂಧ್ರಕ್ಕೆ ಸೇರಿದವು. ಮನೆಯೊಳಗಿನ ಕನ್ನಡಕ್ಕೆ ದಾಸರ ಪದಗಳೇ ಆಸರೆಯಾದವು. ಪದಗಳು ಅಚ್ಚಿಗೆ ಬಂದವು. ಅವುಗಳ ಹಳೆಯ ಧಾಟಿಗಳು ಬಹುಮಟ್ಟಿಗೆ ಬರಲಿಲ್ಲ. ಸಾಹಿತ್ಯವನ್ನು ಬರೆದುಕೊಂಡು ಹಿಂದಿರುಗುವ ಸಂಗ್ರಾಹಕರನ್ನು ಕಂಡಾಗ ನಮಗೆ ಸಂಕಟವಾಗುತ್ತದೆ: ಹಾಡಿದ ಅಜ್ಜಿಯ ರಾಗವನ್ನು ಅವರು ಆ ಮನೆಯಲ್ಲಿಯೇ ಬಿಟ್ಟು ಬಂದಿರುತ್ತಾರೆ.